ನಾಲ್ಕನೇ ಕಂಬದ ಸೆಕೆ

ಮೇ ತಿಂಗಳ ಮಟಮಟ ಮಧ್ಯಾಹ್ನ ದಾವಣಗೆರೆಯಲ್ಲಿ ಓಟದ ಪಂದ್ಯ ಇಟ್ಟುಕೊಳ್ಳುವವರಿಗೆ ಏನನ್ನಬೇಕು ಹೇಳಿ! ಬೀದಿನಾಯಿ ಕೂಡ ಗಾಡಿಯ ಅಡಿಯ ನೆರಳು ಬಿಟ್ಟು ಏಳದ ಹೊತ್ತು ಅದು. ಆದರೆ ಮಹಾಸಾಗರ ಕ್ರೀಡಾಕೂಟದ ಸಮಿತಿಯವರಿಗೆ ಅದೇ ಹೊತ್ತು ಆಗಬೇಕಿತ್ತು. ಪೂರ್ವದ ಸಮುದ್ರದಾಚೆಯ ದೇಶಗಳಲ್ಲಿ ಆಗ ಜನ ರಾತ್ರಿ ಊಟ ಮುಗಿಸಿ, ಸೋಫಾದ ಮೇಲೆ ಕಾಲು ಚಾಚಿ ಟಿವಿ ಹಾಕುತ್ತಾರಂತೆ. ಅವರು ಕಾಲು ಚಾಚಿಕೊಳ್ಳಲಿ ಎಂದು ಇಲ್ಲಿ ಊರಿಗೆ ಊರೇ ಬೇಯಬೇಕು. ಇದನ್ನು ನೆನೆದಾಗಲೆಲ್ಲ ನೀಲಾಂಬಿಕೆಗೆ ಮೈ ಉರಿಯುತ್ತಿತ್ತು. ಹಾಗಂತ ಬಾಯಿ ಬಿಟ್ಟು ಬೈಯುವಂತೆಯೂ ಇರಲಿಲ್ಲ, ಏಕೆಂದರೆ ಊರನ್ನು ಬೇಯಿಸುವ ಕೆಲಸ ಅವಳದೇ ಆಗಿತ್ತು.

ಕೆಲಸ ಎಂದರೆ ನೌಕರಿ. ವಿದ್ಯುತ್ ಉಪಕೇಂದ್ರದಲ್ಲಿ ವರ್ಷಗಟ್ಟಲೆ ದುಡಿದಿದ್ದ ಅವಳನ್ನು ಸಮಿತಿಯವರು ‘ತಂಪುಕೊಡೆ’ಯ ನಿಯಂತ್ರಣ ಕೊಠಡಿಗೆ ಕರೆಸಿಕೊಂಡಿದ್ದರು. ತಂಪುಕೊಡೆ ಕಣ್ಣಿಗೆ ಕಾಣುವಂಥದ್ದಲ್ಲ. ಕ್ರೀಡಾಂಗಣದ ಸುತ್ತಲಿನ ಗೋಡೆಯಿಂದ ರಭಸದ ಗಾಳಿಯ ಪರದೆ ಮೇಲೆದ್ದು ಒಳಗಿನ ತಂಪನ್ನು ಹಿಡಿದಿಡುತ್ತದೆ. ಟ್ರ್ಯಾಕಿನ ಅಡಿಯ ಕೊಳವೆಗಳಲ್ಲಿ ಹರಿಯುವ ದ್ರವ ಒಳಗಿನ ಶಾಖವನ್ನೆಲ್ಲ ಹೀರಿ ಹೊರಗೆ ಒಯ್ಯುತ್ತದೆ. ಹೊರಗೆ ಮೊಟ್ಟೆ ಒಡೆದು ಹಾಕಿದರೆ ಬೇಯುವ ಬಿಸಿಲಿದ್ದರೂ ಒಳಗೆ ಕೂತವರಿಗೆ ಶಾಲು ಬೇಕು, ಅಷ್ಟು ತಂಪು. ಒಪ್ಪೋಣ, ಯಂತ್ರ ಅದ್ಭುತವೇ. ಆದರೆ ಹೀರಿದ ಶಾಖ ಎಲ್ಲಿಗೆ ಹೋಗಬೇಕು? ಮನೆಯ ಫ್ರಿಜ್ಜಿನ ಹಿಂಬದಿಗೆ ಕೈ ಇಟ್ಟು ನೋಡಿ, ಗೊತ್ತಾಗುತ್ತದೆ. ಕ್ರೀಡಾಂಗಣ ಫ್ರಿಜ್ಜಿನ ಒಳಭಾಗವಾದರೆ ಅದರ ಹಿಂಬದಿಗೆ ಬಂದದ್ದು ಎಂಟು ಬೀದಿಗಳು.

ನಾಲ್ಕು ತಿಂಗಳ ಹಿಂದೆಯೇ ಆ ಎಂಟು ಬೀದಿಗಳಲ್ಲೂ ಒಂದೊಂದು ಕಂಬ ನಿಲ್ಲಿಸಿ, ಕೂಟ ಶುರುವಾಗುವ ಮೊದಲಿನಿಂದಲೇ ಪರೀಕ್ಷೆಗೆಂದು ಓಡಿಸುತ್ತಿದ್ದರು. ಸಮಿತಿಯವರು ಅದಕ್ಕಿಟ್ಟ ಹೆಸರು ‘ಹಸಿರುಸಿರು’. ಬೂಟು ಹಾಕಿಕೊಂಡು ಓಡುವ ಬೆಣ್ಣೆದೋಸೆಯ ಚಿತ್ರ ಪ್ರತಿ ಕಂಬದ ಮೇಲೂ ಇತ್ತು. ಅದು ಕೂಟದ ಗುರುತು, ದೋಸಪ್ಪ ಅಂತೆ! ಕಂಬದ ನೆತ್ತಿಯಿಂದ ಬುಸ್ ಎಂದು ಬಿಸಿಗಾಳಿ ಹೊರಬೀಳುವುದು ನೋಡಿದ ಜನ ಅದನ್ನು ಬುಸ್‌ಕಂಬ ಎಂದು ಕರೆದರು. ನಾಲ್ಕನೇ ಬುಸ್‌ಕಂಬ ಹಳೇ ಮಿಲ್ ಬೀದಿಯಲ್ಲಿ, ನೀಲಾಂಬಿಕೆಯ ಮನೆಯ ಎದುರಿಗೇ ಬಂದು ನಿಂತಿತು. ಬೀದಿಯ ಆಚೆ ತುದಿಯಲ್ಲಿ ಕ್ರೀಡಾಂಗಣದ ಗೋಡೆ, ಈಚೆ ತುದಿಯಲ್ಲಿ ಕಂಬ.

“ಊರಿಗೆ ಒಳ್ಳೇದಾಗೋದಾದ್ರೆ ನಾಕು ದಿನ ಸೆಕೆ ತಡಕೊಳ್ಳಕ್ಕಾಗಲ್ಲೇನು?” ಎನ್ನುತ್ತಿದ್ದ ಅವಳ ಗಂಡ ಕೊಟ್ರೇಶ.

ಈ ಮಾತು ಬೇರೆ ಯಾರಾದರೂ ಆಡಿದ್ದರೆ ನೀಲಾಂಬಿಕೆ ಸರಿಯಾಗಿ ಉತ್ತರ ಕೊಡುತ್ತಿದ್ದಳು. ಆದರೆ ಕೊಟ್ರೇಶನ ವಿಷಯ ಬೇರೆ. ಅವನು ಜೀವಮಾನವೆಲ್ಲ ಪಿ.ಟಿ. ಮೇಷ್ಟ್ರು. ಈಗ ಕ್ರೀಡಾಂಗಣ ಎದ್ದಿರುವ ಜಾಗ ಮೊದಲು ಬರೀ ಬಯಲಾಗಿತ್ತು. ಬೇಲಿ ಇಲ್ಲ, ಗೇಟು ಇಲ್ಲ. ಬಾಯಲ್ಲಿ ಸೀಟಿ ಕಚ್ಚಿಕೊಂಡು, ಸುಣ್ಣದಲ್ಲಿ ಗೆರೆ ಎಳೆದು, ಬರಿಗಾಲಿನ ಮಕ್ಕಳನ್ನು ಅವನು ಅಲ್ಲೇ ಓಡಿಸಿದ್ದ. ನಾನೂರು ಮೀಟರ್ ಓಟವೆಂದರೆ ಅವನಿಗೆ ಪ್ರಾಣ. ಜಗತ್ತಿನ ದೊಡ್ಡ ಓಟಗಾರರು ತನ್ನ ಬಯಲಿನಲ್ಲೇ ಓಡುತ್ತಾರೆ, ಕೂಟ ಮುಗಿದ ಮೇಲೆ ಆ ಟ್ರ್ಯಾಕನ್ನು ಊರ ಮಕ್ಕಳಿಗೇ ಬಿಟ್ಟುಕೊಡುತ್ತಾರೆ ಎಂದು ಯಾರೋ ಸಭೆಯಲ್ಲಿ ಹೇಳಿದ್ದನ್ನು ಅವನು ಗಟ್ಟಿಯಾಗಿ ನಂಬಿಬಿಟ್ಟಿದ್ದ. ಸ್ವಯಂಸೇವಕನಾಗಿ ಹೆಸರು ಕೊಟ್ಟು, ಕಿತ್ತಳೆ ಬಣ್ಣದ ಟೋಪಿ ಹಾಕಿಕೊಂಡು ಕನ್ನಡಿಯ ಮುಂದೆ ನಿಂತವನನ್ನು ನೋಡಿದರೆ ನೀಲಾಂಬಿಕೆಗೆ ಸಿಟ್ಟೂ ಬರುತ್ತಿತ್ತು, ಅಯ್ಯೋ ಪಾಪ ಎಂದೂ ಅನ್ನಿಸುತ್ತಿತ್ತು.

ಇಂಥ ಹೊತ್ತಿನಲ್ಲೇ ಮಗಳು ಚಿನ್ಮಯಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಗಂಡನ ಮನೆಗೇ ವಾಪಸ್ಸು ಕಳಿಸೋಣವೆಂದರೆ ಅದು ರಾಯಚೂರು. ಅಲ್ಲಿ ಕಂಬವಿಲ್ಲದೆಯೇ ಅಷ್ಟು ಸೆಕೆ. ಕೂಟ ಶುರುವಾಗುವ ಮೊದಲೇ ಹೆಣ್ಣುಮಗು ಹುಟ್ಟಿತು. ಬೀದಿ ಕಡೆಯ ಕೋಣೆಯೇ ಬಾಣಂತಿ ಕೋಣೆಯಾಯಿತು. ತಂಪುಕೊಡೆಗೆ ವಿಪರೀತ ವಿದ್ಯುತ್ ಬೇಕಲ್ಲ, ಹಾಗಾಗಿ ಪಂದ್ಯದ ಹೊತ್ತಿನಲ್ಲಿ ಬೀದಿಗಳಿಗೆ ಕರೆಂಟು ಬಂದ್. ಫ್ಯಾನೂ ಇಲ್ಲ, ಏಸಿಯೂ ಇಲ್ಲ. ಕಿಟಕಿ ತೆಗೆದರೆ ಕಂಬದ ಉಸಿರು, ಮುಚ್ಚಿದರೆ ಗೋಡೆಯ ಕಾವು.

ಪಕ್ಕದ ಮನೆಯ ಹಾಲಮ್ಮ ಮಾತ್ರ ಕಂಬದ ಜೊತೆ ರಾಜಿ ಮಾಡಿಕೊಂಡಿದ್ದಳು. ಬೀದಿಯ ಯಾವ ಹೆರಿಗೆಯೂ, ಯಾವ ಹಪ್ಪಳವೂ ಅವಳ ಕೈ ತಪ್ಪಿ ಹೋದದ್ದಿಲ್ಲ. ಕಂಬಕ್ಕೂ ತನ್ನ ಮಹಡಿಗೂ ಹಗ್ಗ ಕಟ್ಟಿ ಶಾವಿಗೆ ಇಳಿಬಿಟ್ಟಳು. ಇಡೀ ದಿನ ಬೇಕಾಗುತ್ತಿದ್ದ ಶಾವಿಗೆ ಕಾಫಿ ಕುಡಿದು ಬರುವುದರೊಳಗೆ ಗಲಗಲ ಒಣಗಿತು. ಮರುದಿನ ಬೀದಿಯ ಹೆಂಗಸರೆಲ್ಲ ಸಂಡಿಗೆ, ಹಪ್ಪಳ, ಮೆಣಸಿನಕಾಯಿ ತಂದು ಹರವಿದರು. ಸಮಿತಿಯವರು ಓಡಿಬಂದು ವಿಡಿಯೊ ಮಾಡಿಕೊಂಡು, ‘ಕೂಟದಿಂದ ಗೃಹೋದ್ಯಮಕ್ಕೆ ಚೈತನ್ಯ’ ಎಂದು ದೊಡ್ಡ ಪರದೆಗಳಲ್ಲಿ ಹಾಕಿದರು. ನೀಲಾಂಬಿಕೆ ತಲೆ ಚಚ್ಚಿಕೊಂಡಳು.

“ಯಾಕ್ ಸಿಟ್ಟಾಗ್ತೀಯ ನೀಲಕ್ಕ?” ಎಂದಳು ಹಾಲಮ್ಮ, ಬಾಣಂತಿ ಕೋಣೆಯಲ್ಲಿ ಮಗುವಿಗೆ ಎಣ್ಣೆ ಹಚ್ಚುತ್ತ. “ಹೆಂಗೂ ಬಾಣಂತಿನ ಕಾಸಬೇಕು. ಈ ಸಲ ಕೆಂಡದ ಖರ್ಚೂ ಉಳೀತು. ಸಮಿತಿಯೋರೇ ಕಾಸ್ತಾ ಇದಾರೆ!”

ಅವಳು ನಕ್ಕಳು, ಚಿನ್ಮಯಿಯೂ ನಕ್ಕಳು. ಎಣ್ಣೆ ಹಚ್ಚಿದ ಕೈಯನ್ನು ಮಗುವಿನ ಬೆನ್ನಿನ ಮೇಲೇ ಇಟ್ಟುಕೊಂಡು ಹಾಲಮ್ಮ ತಟ್ಟನೆ ನಗು ನಿಲ್ಲಿಸಿದಳು. “ಯಾಕೋ ಮೈ ಜಾಸ್ತಿ ಸುಡ್ತಾ ಐತಲ್ಲ,” ಎಂದಳು.

ಡಾಕ್ಟರಮ್ಮ ಬಂದು ನೋಡಿದರು. ಸೋಂಕೇನೂ ಇಲ್ಲ, ಜ್ವರವೂ ಅಲ್ಲ, ಬರೀ ಸೆಕೆ ಎಂದರು. ಎಳೆಗೂಸಿಗೆ ಬೆವರಿ ಮೈ ತಣಿಸಿಕೊಳ್ಳುವ ಶಕ್ತಿ ಇನ್ನೂ ಬಂದಿರುವುದಿಲ್ಲ, ಎಲ್ಲಾದರೂ ತಂಪಾದ ಕಡೆ ಇರಿಸಿ, ಇಲ್ಲದಿದ್ದರೆ ಹಾಲು ಬಿಡುತ್ತದೆ, ಆಮೇಲೆ ಕೈಮೀರುತ್ತದೆ ಎಂದರು. ಆಸ್ಪತ್ರೆಯ ತಂಪು ವಾರ್ಡಿನಲ್ಲಿ ಆಗಲೇ ಒಂದೊಂದು ಮಂಚಕ್ಕೆ ಇಬ್ಬಿಬ್ಬರು ಮಲಗಿದ್ದರಂತೆ. ಊರಾಚೆ ಹೋಗೋಣವೆಂದರೆ ಅತಿಥಿಗಳಿಗಾಗಿ ಹೆದ್ದಾರಿ ಬಂದ್. ಊರಲ್ಲಿ ತಂಪಾದ ಜಾಗ ಇದ್ದದ್ದು ಒಂದೇ, ಅದರ ಟಿಕೆಟ್ಟು ಮಾತ್ರ ಈ ಬೀದಿಯವರು ಕನಸಲ್ಲೂ ಕೊಳ್ಳುವಂಥದ್ದಲ್ಲ.

ಮರುದಿನ ನೀಲಾಂಬಿಕೆ ನಿಯಂತ್ರಣ ಕೊಠಡಿಗೆ ಹೋದವಳೇ ಮುಖ್ಯ ನಿರ್ವಾಹಕ ತಿಪ್ಪೇಸ್ವಾಮಿಯ ಮೇಜಿನ ಮುಂದೆ ನಿಂತಳು. ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವನು, ಮರ್ಯಾದಸ್ಥ, ಯಾವಾಗಲೂ ಯಾರದೋ ಫೋನಿಗೆ ಹೆದರಿಕೊಂಡೇ ಇರುವವನು.

“ಸರ್, ನಾಲ್ಕನೇ ಕಂಬ ಸ್ವಲ್ಪ ಕಡಿಮೆ ಮಾಡೋಣ. ಮನೇಲಿ ಎಳೇ ಕೂಸು ಐತೆ.”

“ಮಾಡಬಹುದು ಮೇಡಂ. ಆ ಶಾಖ ಯಾವ ಬೀದಿಗೆ ಕೊಡ್ಲಿ, ನೀವೇ ಹೇಳಿ.”

“ಹೊಸ ಬಡಾವಣೆ ಕಡೆ ಒಂದು ಕಂಬನೂ ಇಲ್ಲವಲ್ಲ. ಸಮಿತಿಯೋರೆಲ್ಲ ಅಲ್ಲೇ ಇರ್ತಾರೆ.”

“ಅಲ್ಲಿ ನೆಲದಡಿ ಕೇಬಲ್ಲು, ಅದೂ ಇದೂ…” ತಿಪ್ಪೇಸ್ವಾಮಿ ಮುಖ ತಗ್ಗಿಸಿದ. “ನನ್ನ ಕೈಲಿ ಏನೈತೆ ಮೇಡಂ? ಇನ್ನು ಕೆಲವೇ ದಿನ, ತಡಕೊಳ್ಳಿ.”

ಎಲ್ಲರ ಬಾಯಲ್ಲೂ ಅದೇ ಮಾತು, ತಡಕೊಳ್ಳಿ! ತಡೆದುಕೊಳ್ಳುವುದನ್ನು ಹತ್ತು ದಿನದ ಕೂಸಿಗೆ ಯಾರು ಹೇಳಿಕೊಡಬೇಕು? ನೀಲಾಂಬಿಕೆ ತನ್ನ ಕುರ್ಚಿಗೆ ಬಂದು ಕೂತಳು. ಎದುರಿನ ಪರದೆಗಳಲ್ಲಿ ಕ್ರೀಡಾಂಗಣ ಕಾಣುತ್ತಿತ್ತು. ಮುಕ್ಕಾಲು ಕುರ್ಚಿಗಳು ಖಾಲಿ! ಅಷ್ಟು ದುಬಾರಿ ಟಿಕೆಟ್ಟು ಕೊಂಡು ಬರುವವರು ಯಾರು? ಶಿವನೇ, ಖಾಲಿ ಪ್ಲಾಸ್ಟಿಕ್ ಕುರ್ಚಿಗಳು ಬೆವರಬಾರದೆಂದು ನನ್ನ ಮೊಮ್ಮಗಳು ಬೇಯಬೇಕೇ ಎಂದು ಅವಳಿಗೆ ಅಳುವೇ ಬಂತು.

ಅವತ್ತು ಅವಳು ನೌಕರಿಯಲ್ಲಿ ಎಂದೂ ಮಾಡದ ಕೆಲಸ ಮಾಡಿದಳು. ಒಂದರಿಂದ ನಾಲ್ಕರವರೆಗಿನ ಕಂಬಗಳು ಅವಳ ಕೈಯಲ್ಲಿದ್ದವು. ನಾಲ್ಕರ ಕವಾಟವನ್ನು ತುಸುವೇ ತುಸು ತಿರುಗಿಸಿ ಮುಚ್ಚಿದಳು. ಮಿಕ್ಕ ಶಾಖವನ್ನು ಯಂತ್ರ ತನ್ನಷ್ಟಕ್ಕೆ ಪಕ್ಕದ ಐದನೇ ಕಂಬಕ್ಕೆ ದಾಟಿಸಿತು. ಐದನೆಯದು ಮಂಡಕ್ಕಿ ಭಟ್ಟಿಗಳ ಬೀದಿಯಲ್ಲಿತ್ತು. ಭಟ್ಟಿಯವರಿಗೆ ಸೆಕೆ ಹೇಗೂ ಅಭ್ಯಾಸ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆದರೆ ಸಂಜೆ ಮನೆಗೆ ಬಂದರೆ ಕಂಬ ಹಾಗೆಯೇ ಬುಸುಗುಟ್ಟುತ್ತಿತ್ತು, ಮಗು ಹಾಗೆಯೇ ಸುಡುತ್ತಿತ್ತು. ಮರುದಿನ ಇನ್ನೂ ಸ್ವಲ್ಪ ಮುಚ್ಚಿದಳು. ಉಹುಂ, ಒಂದಿಷ್ಟೂ ವ್ಯತ್ಯಾಸ ಆಗಲಿಲ್ಲ. ಅದರ ಮರುದಿನವೂ ಅಷ್ಟೇ.

“ಏನಿದು ಕರ್ಮ!” ಎಂದು ತಿಪ್ಪೇಸ್ವಾಮಿ ಕೂಗಿಕೊಂಡ ಒಂದು ಮಧ್ಯಾಹ್ನ. “ನಾಲ್ಕಕ್ಕೂ ಐದಕ್ಕೂ ಮಧ್ಯೆ ಶಾಖ ಉಯ್ಯಾಲೆ ಆಡ್ತಾ ಐತೆ! ಯಂತ್ರಕ್ಕೇ ಹುಚ್ಚು ಹಿಡಿದಿರಬೇಕು.” ಫೋನು ಹಿಡಿದುಕೊಂಡು ಹೊರಗೆ ಓಡಿದ.

ನೀಲಾಂಬಿಕೆ ಮೆಲ್ಲಗೆ ಪಕ್ಕದ ಕುರ್ಚಿಯತ್ತ ತಿರುಗಿದಳು. ಐದರಿಂದ ಎಂಟರವರೆಗಿನ ಕಂಬಗಳನ್ನು ನೋಡಿಕೊಳ್ಳುವ ಮೆಹರುನ್ನೀಸಾ ಅಲ್ಲಿ ಕೂತಿದ್ದಳು. ಇಬ್ಬರೂ ಒಂದೇ ಡಬ್ಬಿಯಲ್ಲಿ ಊಟ ಹಂಚಿಕೊಂಡು ಉಣ್ಣುವವರು. ಮೆಹರು ತಲೆಯೆತ್ತಲಿಲ್ಲ. ಅವಳ ಬೆರಳು ಐದನೇ ಕಂಬದ ಗುಂಡಿಯ ಮೇಲೇ ಇತ್ತು.

“ನೀನೇನಾ ಮೆಹರು?”

“ನೀವೇನಾ ಅಕ್ಕಾ?”

ನೀಲಾಂಬಿಕೆಗೆ ರೇಗಿತು. “ನಮ್ಮನೇಲಿ ಕೂಸು ಐತೆ ಅಂತ ಗೊತ್ತಿದ್ದೂ ನಮ್ಮ ಬೀದಿಗೇ ತಳ್ಳಿದೆಯಲ್ಲೇ! ನಾನು ತಂದ ಪಾಯಸ ಉಂಡವಳು ನೀನು!”

“ಭಟ್ಟಿ ಬೀದಿ ಮನೇಲಿ ನಮ್ಮತ್ತೆ ಎದೆ ಹಿಡ್ಕೊಂಡು ಮಲಗಿರೋದು ನಿಮಗೆ ಗೊತ್ತಿರಲಿಲ್ವಾ?” ಮೆಹರುವಿನ ದನಿಯೂ ಏರಿತು. “ನೀವೇ ನಿಂಬೆಹಣ್ಣು ಕಳಿಸಿದ್ರಿ! ನಿಂಬೆಹಣ್ಣು ಒಂದು ಕೈಲಿ, ಬೆಂಕಿ ಇನ್ನೊಂದು ಕೈಲಿ!”

ಮೆಹರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಒಂದೇ ಡಬ್ಬಿಯ ಅನ್ನ ಉಣ್ಣುತ್ತ, ಮಗು ಹೇಗಿದೆ, ಅತ್ತೆ ಹೇಗಿದ್ದಾರೆ ಎಂದು ವಿಚಾರಿಸಿಕೊಳ್ಳುತ್ತ, ಇಬ್ಬರೂ ಒಬ್ಬರ ಮನೆಗೆ ಒಬ್ಬರು ಬೆಂಕಿ ಸುರಿಯುತ್ತಿದ್ದರು. ಛೀ ಎನ್ನಿಸಿತು. ಕಂಬ ನೆಡಿಸಿದವರು ಹೊಸ ಬಡಾವಣೆಯಲ್ಲಿ ಹಾಯಾಗಿದ್ದಾರೆ, ಕಚ್ಚಾಡುತ್ತಿರುವವರು ನಾವು! ಅವಳು ಕವಾಟವನ್ನು ಮೊದಲಿದ್ದಲ್ಲಿಗೇ ತಿರುಗಿಸಿದಳು. ಮೆಹರುವೂ ತಿರುಗಿಸಿದಳು. ಇಬ್ಬರೂ ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಚಿನ್ಮಯಿಯ ಫೋನು ಬಂತು.

“ಅವ್ವಾ, ಮಗು ಹಾಲು ಕುಡೀತಿಲ್ಲ. ಅಳ್ತಾನೂ ಇಲ್ಲ. ಕೈ ಎತ್ತಿ ಬಿಟ್ರೆ ಹಂಗೇ ಬೀಳ್ತೈತೆ ಅವ್ವಾ…”

ನೀಲಾಂಬಿಕೆ ಕುರ್ಚಿಯಿಂದ ಎದ್ದು ನಿಂತಳು. ಕಣ್ಣೆದುರಿನ ಪರದೆಯಲ್ಲಿ ಅದೇ ಖಾಲಿ ಕುರ್ಚಿಗಳು, ಸಾಲು ಸಾಲಾಗಿ ತಣ್ಣಗೆ ಕೂತಿದ್ದವು. ಪಕ್ಕದ ಪರದೆಯಲ್ಲಿ ನಾಲ್ಕನೇ ಗೇಟು. ಗೇಟುಗಳಿಂದ ಎಷ್ಟು ಜನ ಒಳಬರುತ್ತಾರೆ ಎನ್ನುವುದರ ಮೇಲೆ ತಂಪು ಹೆಚ್ಚು ಕಡಿಮೆ ಮಾಡಬೇಕಾದ್ದರಿಂದ ಕ್ಯಾಮೆರಾಗಳು ಕೊಠಡಿಗೂ ತೋರಿಸುತ್ತಿದ್ದವು. ಆ ಗೇಟು ಹಳೇ ಮಿಲ್ ಬೀದಿಯ ತುದಿಗೇ ಇತ್ತು. ಅಲ್ಲಿ ಕಿತ್ತಳೆ ಟೋಪಿಯಲ್ಲಿ ನಿಂತಿದ್ದವನು ಕೊಟ್ರೇಶ. ಅವತ್ತು ನಾನೂರು ಮೀಟರ್ ಫೈನಲ್. ಓಟ ಶುರುವಾದ ಮೇಲೆ ಒಳಗೆ ಹೋಗಿ ನೋಡಬಹುದು ಎಂದು ಅವನಿಗೆ ಅಪ್ಪಣೆ ಸಿಕ್ಕಿತ್ತು. ಬೆಳಿಗ್ಗೆ ಹಬ್ಬಕ್ಕೆ ಹೊರಟವನಂತೆ ಹೊರಟಿದ್ದ.

“ಮಗೂನ ಎತ್ಕೊಂಡು ಗೇಟಿನ ಹತ್ರ ಬಾ. ಅಪ್ಪ ಅದಾರೆ,” ಎಂದಳು ನೀಲಾಂಬಿಕೆ ಮಗಳಿಗೆ. ತಿಂಗಳು ತುಂಬದೆ ಬಾಣಂತಿ ಹೊಸ್ತಿಲು ದಾಟಬಾರದು ಎಂದು ಹಾಲಮ್ಮ ಹಿಂದೆ ನಿಂತು ಕೂಗುತ್ತಿದ್ದದ್ದು ಫೋನಿನಲ್ಲಿ ಕೇಳಿಸಿತು. ಮರುಗಳಿಗೆಯಲ್ಲೇ, “ಹಾಳಾಗಿ ಹೋಗ್ಲಿ, ನಡಿಯೇ, ತಲೆಗೆ ಸೆರಗು ಹಾಕ್ಕ,” ಎಂದದ್ದೂ ಕೇಳಿಸಿತು.

ಆಮೇಲೆ ಗಂಡನಿಗೆ ಫೋನು ಮಾಡಿದಳು.

“ಪಾಸ್ ಇಲ್ದೆ ಹೆಂಗೆ ಬಿಡ್ಲಿ ನೀಲಾ?” ಕೊಟ್ರೇಶ ಗಾಬರಿಯಾದ. “ನಿಯಮ ಅಂತ ಇರ್ತೈತೆ. ನನ್ನ ನಂಬಿ ನಿಲ್ಲಿಸ್ಯಾರೆ. ಮೇಲಿನವರನ್ನ ಕೇಳಿ ಹೇಳ್ತೀನಿ, ಒಂದು ಹತ್ತು ನಿಮಿಷ—”

“ಕೇಳಬ್ಯಾಡ್ರಿ! ಯಾರನ್ನೂ ಕೇಳಬ್ಯಾಡ್ರಿ!” ನೀಲಾಂಬಿಕೆ ಕೂಗಿದಳು. ನಾಲ್ಕು ತಿಂಗಳ ಸಿಟ್ಟು ಒಂದೇ ಉಸಿರಿಗೆ ಹೊರಬಂತು. “ನೀವು ಬಯಲಲ್ಲಿ ಹುಡುಗ್ರನ್ನ ಓಡಿಸುವಾಗ ಯಾವ ಗೇಟಿತ್ರಿ? ಯಾರ ಹತ್ರ ಪಾಸ್ ಇತ್ತು? ಊರಿಗೆ ಒಳ್ಳೇದು, ಊರಿಗೆ ಒಳ್ಳೇದು ಅಂತ ಕಿವಿ ತೂತಾಗೋ ಹಂಗೆ ಹೇಳಿದ್ರಲ್ಲ, ಬರ್ತಾ ಐತೆ ನೋಡ್ರಿ ಊರು, ನಿಮ್ಮ ಮಗಳ ಕೈಯಾಗೆ!”

ಪರದೆಯಲ್ಲಿ ಹಾಲಮ್ಮನ ಜೊತೆ ಚಿನ್ಮಯಿ ಕಾಣಿಸಿಕೊಂಡಳು. ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿದ್ದಳು, ಎದೆಗೆ ಬಿಳಿ ಗಂಟು ಅವಚಿಕೊಂಡಿದ್ದಳು. ಪಾಸು ನೋಡುವ ಯಂತ್ರದ ಕಣ್ಣು ಕೆಂಪಾಯಿತು, ಗೇಟಿನ ಅಡ್ಡಪಟ್ಟಿ ಅಲ್ಲಾಡಲಿಲ್ಲ. ಕೊಟ್ರೇಶ ಬಗ್ಗಿ ಗಂಟಿನೊಳಗೆ ನೋಡಿದ. ಎಷ್ಟು ಹೊತ್ತು ನೋಡಿದನೋ, ನೀಲಾಂಬಿಕೆಗೆ ಅದು ಮುಗಿಯುವುದೇ ಇಲ್ಲ ಅನ್ನಿಸಿತು. ಆಮೇಲೆ ಅವನು ತಲೆಯ ಮೇಲಿನ ಟೋಪಿ ತೆಗೆದು ಯಂತ್ರದ ಕೆಂಪು ಕಣ್ಣಿಗೆ ಮುಚ್ಚಿ, ಅಡ್ಡಪಟ್ಟಿಯನ್ನು ಎರಡೂ ಕೈಯಿಂದ ಎತ್ತಿ ಹಿಡಿದ.

ಚಿನ್ಮಯಿ ಒಳಗೆ ಹೋದಳು. ಹಾಲಮ್ಮ ಹೋಗಲಿಲ್ಲ, ವಾಪಸ್ಸು ಬೀದಿಗೆ ಓಡಿದಳು! ತಟ್ಟೆ ಬಡಿಯುತ್ತ ಮನೆಮನೆಯವರನ್ನೂ ಎಬ್ಬಿಸಿಕೊಂಡು ಬಂದಳು. ಮುದುಕರು, ಬಸುರಿಯರು, ಮಕ್ಕಳನ್ನು ಸೊಂಟಕ್ಕೇರಿಸಿಕೊಂಡವರು, ಎಲ್ಲ ಬಂದರು. ಮೆಹರು ಆಗಲೇ ಮನೆಗೆ ಫೋನು ಹಚ್ಚಿದ್ದಳು. ಸ್ವಲ್ಪ ಹೊತ್ತಿಗೆ ಮಂಡಕ್ಕಿ ಒಯ್ಯುವ ತಳ್ಳುಗಾಡಿಯ ಮೇಲೆ ಅವಳ ಅತ್ತೆಯನ್ನು ಮಲಗಿಸಿಕೊಂಡು ಭಟ್ಟಿ ಬೀದಿಯೂ ಬಂತು. ಕೊಟ್ರೇಶ ಅಡ್ಡಪಟ್ಟಿ ಎತ್ತಿ ಹಿಡಿದೇ ಇದ್ದ. ತೋಳು ನಡುಗುತ್ತಿದ್ದದ್ದು ಕ್ಯಾಮೆರಾದಲ್ಲೂ ಕಾಣುತ್ತಿತ್ತು.

ತಿಪ್ಪೇಸ್ವಾಮಿ ಒಳಗೆ ಬಂದವನೇ ಪರದೆ ನೋಡಿ ಬೆವೆತ. “ಯಾರಿವರು? ಒಳಗೆ ಶಾಖ ಏರ್ತಾ ಐತೆ! ನಿಲ್ಲಿಸಿ ಮೇಡಂ, ಗೇಟ್ ನಿಲ್ಲಿಸಿ!” ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಟಿವಿಯವರು. ಖಾಲಿ ಕುರ್ಚಿಗಳು ತುಂಬುತ್ತಿವೆ, ದೃಶ್ಯ ಭಾರಿ ಚೆನ್ನಾಗಿ ಬರುತ್ತಿದೆ, ಇದೇ ರೀತಿ ಬಿಡುತ್ತಿರಿ ಎಂದರಂತೆ. ತಿಪ್ಪೇಸ್ವಾಮಿ ಫೋನು ಕೆಳಗಿಟ್ಟು ಇಬ್ಬರು ಹೆಂಗಸರನ್ನೂ ಪಿಳಿಪಿಳಿ ನೋಡಿದ. “ಸ್ವಲ್ಪ ಜಾಸ್ತಿ ತಂಪು ಕೊಡಿ,” ಎಂದು ಹೇಳಿ ಕುಳಿತ.

ಜಾಸ್ತಿ ತಂಪು ಕೊಡಬೇಕೆಂದರೆ ಜಾಸ್ತಿ ಶಾಖ ಹೊರಗೆ ಹೋಗಬೇಕು. ನೀಲಾಂಬಿಕೆ ಹಾಲಮ್ಮನಿಗೆ ಫೋನು ಮಾಡಿದಳು. “ನಮ್ಮ ಬೀದಿಯಾಗೆ ಯಾರೂ ಉಳಿದಿಲ್ಲ ತಾನೆ?”

“ನನ್ನ ಶಾವಿಗೆ ಒಂದು ಉಳಿದೈತೆ ನೋಡು.”

“ಭಟ್ಟಿ ಬೀದಿಯಲ್ಲೂ ಯಾರಿಲ್ಲ ಅಕ್ಕಾ,” ಎಂದಳು ಮೆಹರು. ಇಬ್ಬರೂ ನಾಲ್ಕನ್ನೂ ಐದನ್ನೂ ಪೂರ್ತಿ ತೆರೆದರು. ಕಂಬಗಳು ಖಾಲಿ ಬೀದಿಗಳಿಗೆ ಬುಸುಗುಟ್ಟಿದವು.

ಓಟ ಶುರುವಾಯಿತು. ಗುಂಡಿನ ಸದ್ದು, ಕೂಗಾಟ, ಜಗತ್ತೆಲ್ಲ ಕಣ್ಣು ಬಿಟ್ಟುಕೊಂಡು ನೋಡುವ ಓಟ. ನೀಲಾಂಬಿಕೆ ನೋಡಲಿಲ್ಲ. ಅವಳ ಕಣ್ಣೆಲ್ಲ ಮೂಲೆಯ ಪರದೆಯಲ್ಲಿದ್ದ ಚಿನ್ಮಯಿಯ ಮೇಲಿತ್ತು. ಅವಳು ಸೆರಗು ಮರೆ ಮಾಡಿಕೊಂಡು ಬಗ್ಗಿ ಕೂತಿದ್ದಳು. ಬಹಳ ಹೊತ್ತು ಹಾಗೇ ಇದ್ದಳು. ಕೊನೆಗೆ ಸೆರಗಿನಿಂದ ಒಂದು ಪುಟ್ಟ ಕಾಲು ಹೊರಬಂದು ಗಾಳಿಯನ್ನು ಒದ್ದಿತು. ಮತ್ತೆ ಒದ್ದಿತು. ನೀಲಾಂಬಿಕೆ ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿಬಿಕ್ಕಿ ಅತ್ತಳು. ಮೆಹರು ಅವಳ ಬೆನ್ನು ಸವರುತ್ತ ತನ್ನ ಅತ್ತೆಯ ಗಾಡಿಯನ್ನು ಇನ್ನೊಂದು ಪರದೆಯಲ್ಲಿ ಹುಡುಕುತ್ತಿದ್ದಳು.

ಕೆಲಸ ಮುಗಿಸಿ ನೀಲಾಂಬಿಕೆ ಗೇಟಿನ ಹತ್ತಿರ ಬಂದಾಗ ಬಿಸಿಲು ಇಳಿದಿತ್ತು. ಕೊಟ್ರೇಶ ಗೋಡೆಗೆ ಒರಗಿ ಹೊರಗೆ ಕೂತಿದ್ದ. ಕಾವಲಿನವರು ಬಂದು ಅವನ ಪಾಸು, ಟೋಪಿ ಎರಡನ್ನೂ ಕಿತ್ತುಕೊಂಡು ಆಚೆ ಹಾಕಿದ್ದರು. ಜೀವಮಾನವೆಲ್ಲ ಕಾದ ಓಟವನ್ನು ಅವನು ಗೋಡೆಯ ಆಚೆಯಿಂದ ಬರೀ ಸದ್ದಿನಲ್ಲಿ ಕೇಳಿದ್ದ. ಜನ ಒಬ್ಬೊಬ್ಬರಾಗಿ ಕಣ್ಣುಜ್ಜಿಕೊಳ್ಳುತ್ತ ಹೊರಬರುತ್ತಿದ್ದರು.

“ಯಾರು ಗೆದ್ರು?” ಎಂದು ಅವನು ಹಾಲಮ್ಮನನ್ನು ಕೇಳಿದ.

“ಯಾರಿಗೆ ಗೊತ್ತು ಮೇಷ್ಟ್ರೇ? ಕೂತಿದ್ದಷ್ಟೇ ನೆನಪು. ತಿಂಗಳಾಗಿತ್ತು ಕಣ್ಣು ಮುಚ್ಚಿ.”

ತಳ್ಳುಗಾಡಿಯವರನ್ನು ಕೇಳಿದ. ಅವರೂ ಮಲಗಿಬಿಟ್ಟಿದ್ದರು. ಬಸುರಿ, ಮುದುಕ, ಮಕ್ಕಳು, ಎರಡು ಬೀದಿಗೆ ಎರಡು ಬೀದಿಯೇ ನಾನೂರು ಮೀಟರ್ ಫೈನಲ್‌ನಲ್ಲಿ ಗೊರಕೆ ಹೊಡೆದಿತ್ತು. ಚಿನ್ಮಯಿಯನ್ನು ಕೇಳಿದ. ಅವಳು ತಲೆಯಾಡಿಸಿ ಮಗುವನ್ನು ಅವನ ಕೈಗೆ ಕೊಟ್ಟಳು.

ದೊಡ್ಡ ಪರದೆಯ ಮೇಲೆ ಆಗಲೇ ಎರಡು ಬೀದಿಯ ಜನ ತುಂಬಿ ಕೂತ ಚಿತ್ರ ಹಾಕಿ, ‘ಉಕ್ಕಿ ಹರಿದ ನಾಗರಿಕರ ಉತ್ಸಾಹ’ ಎಂದು ಬರೆದಿದ್ದರು. ಅದರ ಕೆಳಗೆ ಇನ್ನೂ ದೊಡ್ಡ ಕೂಟಕ್ಕೆ ಊರು ಅರ್ಜಿ ಹಾಕಲಿದೆ ಎಂಬ ಸುದ್ದಿ ಓಡುತ್ತಿತ್ತು. ಕೊಟ್ರೇಶ ಅದನ್ನು ಓದಿದ. ಮಗುವಿನ ಪಾದವನ್ನು ತನ್ನ ಕೆನ್ನೆಗೆ ಒತ್ತಿಕೊಂಡ. ಪಾದ ತಣ್ಣಗಿತ್ತು.

“ಹೋಗ್ಲಿ ಬಿಡು,” ಎಂದ. “ಯಾರೋ ಒಬ್ಬರು ಗೆದ್ದಿರ್ತಾರೆ.”

“ಅಷ್ಟು ಮಾತು ಹೇಳಾಕೆ ನಾಕು ತಿಂಗಳು ಬೇಕಾಯ್ತಲ್ರೀ ನಿಮಗೆ!” ಎಂದು ನೀಲಾಂಬಿಕೆ ಸಿಡುಕಿದಳು. ಸಿಡುಕುತ್ತಲೇ ಸೆರಗಿನಿಂದ ಅವನ ಮುಖದ ಬೆವರು ಒರೆಸಿದಳು. ನಾಳೆಯೂ ಪಂದ್ಯವಿತ್ತು, ನಾಲ್ಕನೇ ಗೇಟಿಗೆ ನಾಳೆ ಬೇರೆ ಯಾರೋ ಬಂದು ನಿಲ್ಲಲಿದ್ದರು.